ಬಲಗಡೆಯ ಪಿಸುಮಾತು

ಹನ್ನೊಂದು ವರ್ಷ ಹತ್ತದ ಮೆಟ್ಟಿಲನ್ನು ರಾಜಪಾರ್ಟು ಆ ದಿನ ಹತ್ತಿದ. ಮೂರನೆಯ ಮಹಡಿಯ ಮನೆ. ಪ್ರತಿ ತಿರುವಿನಲ್ಲೂ ನಿಂತು, ಕಿತ್ತಳೆ ಹಣ್ಣಿನ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿ, ಬಾಗಿಲು ತೆರೆದ ಕೂಡಲೇ ಆಡಬೇಕಾದ ಮಾತನ್ನು ತುಟಿಯಲ್ಲೇ ಒಪ್ಪಿಸಿಕೊಂಡ. ನಾಟಕ ಕಂಪನಿಯಲ್ಲಿ ಮೂವತ್ತೈದು ವರ್ಷ ರಾಜನ ವೇಷವನ್ನೇ ಕಟ್ಟಿದವನು. ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಲ್ಲಿ ಉಳಿದು, ಜನರ ಬಾಯಲ್ಲಿ ರಾಜಪಾರ್ಟು ಎಂಬುದೇ ನಿಂತುಬಿಟ್ಟಿತ್ತು. ಸಾವಿರ ಜನರೆದುರು ಬೆವರದ ಅಂಗೈ ಒಂದು ಬಾಗಿಲಿನೆದುರು ಒದ್ದೆಯಾಗಿತ್ತು.

ಬಾಗಿಲು ತೆರೆದವಳು ಅತ್ತಿಗೆ. ಒಪ್ಪಿಸಿಕೊಂಡದ್ದೆಲ್ಲ ಮೆಟ್ಟಿಲಲ್ಲೇ ಉಳಿಯಿತು.

"ಓಹೋ, ಮಹಾರಾಜರ ಸವಾರಿ," ಎಂದಳು. "ದಾರಿ ತಪ್ಪಿ ಬಂದ್ಯಾ, ಇಲ್ಲಾ ನಿಮ್ಮಣ್ಣ ಸತ್ತೇ ಹೋದ್ರು ಅಂತ ಯಾರಾದ್ರೂ ಹೇಳಿದ್ರಾ?"

"ಅತ್ತಿಗೆ, ಹಾರ್ಮೋನಿಯಂ ಮಾಸ್ತರ್ ನಿನ್ನೆ ಸಿಕ್ಕಿದ್ರು. ಆಗ ಗೊತ್ತಾಯ್ತು. ಅಣ್ಣನಿಗೆ ಲಕ್ವ ಹೊಡೆದು ಇಪ್ಪತ್ತು ದಿನ ಆಯ್ತಂತೆ..."

"ಆಯ್ತು. ಒಳಗೆ ಬಾ. ಚಪ್ಪಲಿ ಅಲ್ಲೇ ಬಿಡು, ಒರೆಸಿದೀನಿ."

ಅವಳು ಕಂಪನಿಯ ಉಡುಪುಗಳನ್ನು ಹೊಲಿಯುತ್ತಿದ್ದವಳು. ಗೋಡೆಗೆ ಆನಿಸಿದ್ದ ಹೊಲಿಗೆ ಯಂತ್ರ ಅದೇ, ಅದರ ಮೇಲಿನ ಗುಂಡುಸೂಜಿಯ ಡಬ್ಬವೂ ಅದೇ. ಕಿಟಕಿಯ ಬಳಿಯ ಕೈಕುರ್ಚಿಯಲ್ಲಿ ಅಣ್ಣ ಕೂತಿದ್ದ. ಎಡಗೈಯನ್ನು ಯಾರದೋ ವಸ್ತುವೆಂಬಂತೆ ದಿಂಬಿನ ಮೇಲಿಟ್ಟಿದ್ದರು. ಎಡಗಾಲು ಅರ್ಧ ಚಪ್ಪಲಿಯೊಳಗೆ. ಬಲಗೈ ಮಾತ್ರ ಮೊದಲಿನಂತೆಯೇ, ಕುರ್ಚಿಯ ತೋಳನ್ನು ಉಗುರಿನಿಂದ ಮೆಲ್ಲಗೆ ತಟ್ಟುತ್ತಿತ್ತು.

ಇಬ್ಬರೂ ಒಡಹುಟ್ಟಿದವರಲ್ಲ. ಕಂಪನಿಯ ಒಂದೇ ಟ್ರಂಕಿನ ಮೇಲೆ ಮಲಗಿ ಬೆಳೆದವರು, ಇವನಿಗಿಂತ ಎರಡು ವರ್ಷ ಹಿರಿಯನಾದ್ದರಿಂದ ಅವನು ಅಣ್ಣ. ಕಂಪನಿಗೆಲ್ಲ ಅವನು ಪಿಸುಮಾತಣ್ಣ. ರಂಗದ ಪಕ್ಕದಲ್ಲಿ ಮರೆಯಾಗಿ ಕೂತು, ನಟರಿಗೆ ಮಾತು ಮರೆತಾಗ ನೆನಪಿಸಿಕೊಡುವ ಪ್ರಾಂಪ್ಟರ್.

"ಅಣ್ಣಾ," ಎಂದ ರಾಜಪಾರ್ಟು.

ಪಿಸುಮಾತಣ್ಣ ಅವನನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಮುಖವನ್ನು ಕಿಟಕಿಗೆ ತಿರುಗಿಸಿಕೊಂಡ.

ಅಡುಗೆಮನೆಯಲ್ಲಿ ಅತ್ತಿಗೆ ತಗ್ಗಿದ ದನಿಯಲ್ಲಿ ಹೇಳಿದಳು: "ಡಾಕ್ಟರ್ ಮೊದಲ ದಿನಾನೇ ಹೇಳಿದ್ರು. ಪೆಟ್ಟು ಬಿದ್ದಿರೋದು ಮೆದುಳಿನ ಬಲಭಾಗಕ್ಕೆ, ಅದಕ್ಕೇ ಎಡಗೈ ಎಡಗಾಲು ಹೋಗಿದೆ. ಮಾತು ಇರೋದು ಎಡಭಾಗದಲ್ಲಂತೆ, ಅದಕ್ಕೇನೂ ಆಗಿಲ್ಲ, ಸ್ವಲ್ಪ ಸುಸ್ತಿರುತ್ತೆ, ಆಮೇಲೆ ಮಾತಾಡ್ತಾರೆ ಅಂತ. ಮಾತಾಡಲ್ಲ ಇವರು! ಬಲಗೈ ಗಟ್ಟಿಯಾಗಿದೆ ತಾನೇ, ಬರೆದಾದ್ರೂ ತಿಳಿಸಿ ಅಂತ ಮಗಳು ಸ್ಲೇಟು ಕೊಟ್ಟಳು. ಅಡ್ಡಾದಿಡ್ಡಿ ಗೀಚಿ ಬಿಸಾಕಿದ್ರು. ಬೇಕಂತಲೇ ಮಾಡಿದ ಹಾಗೆ."

"ಯಾರ ಮೇಲೆ ಸಿಟ್ಟು?"

ಅತ್ತಿಗೆ ಒಲೆಯ ಉರಿ ಸಣ್ಣಗೆ ಮಾಡಿದಳು. ಹೇಳಲೋ ಬೇಡವೋ ಎಂಬಂತೆ ಅವನನ್ನೊಮ್ಮೆ ನೋಡಿದಳು. "ಬಿದ್ದ ದಿನ ಬೆಳಗ್ಗೆ ಮಗಳು, ಅಪ್ಪಾ, ಚಿಕ್ಕಪ್ಪನ್ನ ಒಂದ್ಸಲ ಮನೆಗೆ ಕರೆಯೋಣ್ವಾ, ಎಷ್ಟು ದಿನ ಹೀಗೇ ಅಂದ್ಳು. ಇವರು ಲೋಟ ಕೆಳಗಿಟ್ರು. ಹಾಗೇ ಪಕ್ಕಕ್ಕೆ ವಾಲಿದ್ರು. ನಿನ್ನ ಹೆಸರು ಕೇಳಿ ಮುಚ್ಚಿದ ಬಾಯಪ್ಪಾ ಅದು. ಇವತ್ತಿಗೂ ತೆರೆದಿಲ್ಲ."

ಕಂಪನಿಯ ಹಳಬರು ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋಗಿದ್ದರಂತೆ. ಹಾರ್ಮೋನಿಯಂ ಮಾಸ್ತರ್ ಅಂತೂ ಕೈಯೆತ್ತಿ ಎಲ್ಲರಿಗೂ ಅಪ್ಪಣೆ ಕೊಟ್ಟಿದ್ದರು: "ಅವನು ಬಿಡುವು ತಗೊಂಡಿದಾನೆ. ಅವನ ಬಿಡುವನ್ನ ಯಾರೂ ಮುರೀಬೇಡಿ."

ರಂಗದವರಲ್ಲದೆ ಬೇರೆ ಯಾರೂ ಇಂಥ ಅಪ್ಪಣೆ ಕೊಡುತ್ತಿರಲಿಲ್ಲ, ಪಾಲಿಸುತ್ತಲೂ ಇರಲಿಲ್ಲ. ಅವರಿಗೆ ಮೌನವೆಂದರೆ ಒಂದು ಕಸುಬು. ಮಾತಿನ ನಡುವೆ ನಟ ಬೇಕೆಂದೇ ನಿಲ್ಲುವುದಕ್ಕೆ ಅವರು ಬಿಡುವು ಎನ್ನುತ್ತಿದ್ದರು. ಬಿಡುವಿನಲ್ಲಿ ಪ್ರಾಂಪ್ಟರ್ ಬಾಯಿಬಿಟ್ಟರೆ ಅದು ದೇವರ ಮುಂದಿನ ದೀಪ ಊದಿದಷ್ಟೇ ದೊಡ್ಡ ಪಾಪ. ಆ ಪಾಪವನ್ನು ಪಿಸುಮಾತಣ್ಣ ಮಾಡಿದನೆಂದು ಎಲ್ಲರೆದುರು ಹೇಳಿದವನು ರಾಜಪಾರ್ಟು. ಅದು ಸುಳ್ಳು. ಸುಳ್ಳೆಂದು ಇಬ್ಬರಿಗೇ ಗೊತ್ತಿತ್ತು.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ, ನೆನಪೇ ಹತ್ತಿತು. ರಂಗದ ಬಲಗಡೆ, ಸೈಡ್ ವಿಂಗಿನ ಪರದೆಯ ಹಿಂದೆ ಒಂದು ಗಿಡ್ಡ ಸ್ಟೂಲು. ಕೆಂಪು ಕಾಗದ ಸುತ್ತಿದ ಪುಟ್ಟ ಬಲ್ಬು. ಮೊಣಕಾಲ ಮೇಲೆ ಕೈಬರಹದ ನಾಟಕದ ಪುಸ್ತಕ, ಪುಟದ ಮೂಲೆಗಳೆಲ್ಲ ಬೆರಳಿನ ಎಣ್ಣೆಗೆ ಗಾಜಿನಂತಾದವು. ಬಣ್ಣ, ಅಂಟು, ಬೆವರು ಕಲೆತ ಆ ವಾಸನೆ. ಬೇರೆ ಕಂಪನಿಗಳಲ್ಲಿ ಪ್ರಾಂಪ್ಟರ್ ಪೂರ್ತಿ ಸಾಲು ಒದರಿ, ಮೂರನೇ ಸಾಲಿನ ಪ್ರೇಕ್ಷಕನಿಗೂ ಕೇಳಿಸುತ್ತಿದ್ದ. ಪಿಸುಮಾತಣ್ಣ ಮೊದಲ ಅಕ್ಷರವನ್ನಷ್ಟೇ ಕೊಡುತ್ತಿದ್ದ. "ಪೂರ್ತಿ ಸಾಲು ಕೊಟ್ರೆ ನೀನು ಭಿಕ್ಷುಕ," ಎನ್ನುತ್ತಿದ್ದ. "ಮೊದಲಕ್ಷರ ಕೊಟ್ರೆ ಇನ್ನೂ ರಾಜಾನೇ."

ಮರೆವು ಯಾವುದು, ಬಿಡುವು ಯಾವುದು ಎಂದು ಅವನಿಗೆ ಹೇಗೆ ತಿಳಿಯುತ್ತಿತ್ತು? ಒಮ್ಮೆ ಕೇಳಿದ್ದಕ್ಕೆ ನಕ್ಕಿದ್ದ. "ಮುಖ ನೋಡಬಾರದು. ನಟನ ಮುಖ ಸುಳ್ಳು ಹೇಳುತ್ತೆ. ಹೊಟ್ಟೆ ನೋಡಬೇಕು. ಬಿಡುವು ತಗೊಂಡವನ ಹೊಟ್ಟೆ ಉಸಿರಾಡ್ತಾ ಇರುತ್ತೆ. ಮರೆತವನ ಹೊಟ್ಟೆ ಗಕ್ಕನೆ ನಿಂತುಬಿಡುತ್ತೆ, ಬಾವೀಲಿ ಬಿಂದಿಗೆ ಸಿಕ್ಕಿಕೊಂಡ ಹಾಗೆ."

ಕಂಪನಿ ಮುಚ್ಚಿದ ದಿನದ ಕೊನೆಯ ಆಟ. ಮುದಿ ರಾಜ ಕಿರೀಟ ತೆಗೆಯುವ ದೃಶ್ಯ. ಆ ಪದ್ಯವನ್ನು ರಾಜಪಾರ್ಟು ಸಾವಿರ ಸಲ ಹೇಳಿದ್ದ:

ಮುಕುಟವಿತ್ತವರುಂಟು, ಮುಕುಟ ಕಿತ್ತವರುಂಟು,
ಮುಕುಟವಿಳಿಸುವ ಕೈಯ ಕೊಟ್ಟವರು ಯಾರು?

'ಮುಕುಟವಿಳಿಸುವ' ಎಂದ ಮೇಲೆ ಅವನದೊಂದು ಹೆಸರಾಂತ ಬಿಡುವಿತ್ತು. ಅದನ್ನು ನೋಡಲೆಂದೇ ಜನ ಬರುತ್ತಿದ್ದರು. ಆ ಸಂಜೆ ಬಿಡುವು ತೆಗೆದುಕೊಂಡ; ತಿರುಗಿ ಬರುವಷ್ಟರಲ್ಲಿ ಮುಂದಿನ ಮಾತು ಇರಲಿಲ್ಲ. ತಲೆಯೊಳಗೆ ಬೆಳ್ಳನೆಯ ಗೋಡೆ. ಬಲಗಡೆಯಿಂದ "ಕೈ" ಎಂಬ ಉಸಿರು ಬಂತು. ಪದ್ಯ ಮುಗಿಯಿತು. ಆದರೆ ಸಭೆ ಅಷ್ಟು ನಿಶ್ಶಬ್ದವಾಗಿತ್ತು, ಆ ಉಸಿರೂ ಯಾರಿಗೋ ಕೇಳಿಸಿತು. ಯಾರೋ ನಕ್ಕರು. ಬಣ್ಣದ ಕೋಣೆಯಲ್ಲಿ, ಎಲ್ಲರ ನಡುವೆ, ಕಿರೀಟವನ್ನು ಟ್ರಂಕಿನೊಳಗೆ ಎಸೆದು ಅವನು ಅಂದಿದ್ದ: "ನನ್ನ ಬಿಡುವನ್ನ ಕೆಡಿಸಿಬಿಟ್ಟೆ. ನಿನಗೆ ವಯಸ್ಸಾಯ್ತು, ಹೊಟ್ಟೆಯೂ ಕಾಣಲ್ಲ, ಗಂಟಲೂ ನಿಲ್ಲಲ್ಲ."

ಪಿಸುಮಾತಣ್ಣ ಪುಸ್ತಕ ಮಡಚಿ, ಬಲ್ಬಿನ ಕೆಂಪು ಕಾಗದ ಬಿಚ್ಚಿ ಜೇಬಿಗಿಟ್ಟುಕೊಂಡು ಹೊರಟುಹೋದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾಳೆ ಹೋಗಿ ತಪ್ಪೊಪ್ಪಿಕೊಳ್ಳುತ್ತೇನೆ ಎಂದುಕೊಂಡ ರಾಜಪಾರ್ಟು. ಆ ನಾಳೆಗೆ ಹನ್ನೊಂದು ವರ್ಷ ಹಿಡಿಯಿತು.

ಮರುದಿನವೂ ಬಂದ. ಮೂರನೆಯ ದಿನವೂ ಬಂದ. ಪತ್ರಿಕೆ ಓದಿ ಹೇಳಿದ, ಹಳೆಯ ಜೋಕುಗಳನ್ನು ಬಿಚ್ಚಿದ. ಅಣ್ಣನ ಕಣ್ಣು ಅವನ ಮೇಲೆಯೇ ಇರುತ್ತಿತ್ತು. ಎಲ್ಲರೆದುರು ಆಡಿದ್ದನ್ನು ಎಲ್ಲರೆದುರೇ ನುಂಗಬೇಕು ಎಂದು ಅನ್ನಿಸುತ್ತಿತ್ತು. ಬಾಯಿಯವರೆಗೆ ಬಂದದ್ದು ಹಿಂದಕ್ಕೆ ಹೋಗುತ್ತಿತ್ತು. ಕೇಳಿಸಿಕೊಂಡು ಅವನು ಕಿಟಕಿಗೆ ಮುಖ ತಿರುಗಿಸಿಬಿಟ್ಟರೆ? ಆಮೇಲೆ ಇನ್ನೊಂದು ಬಾಗಿಲು ಇರುವುದಿಲ್ಲ.

"ಸಿಟ್ಟಲ್ಲಿ ಕೊಯ್ದ ಮೂಗು ಶಾಂತಿಯಾದಾಗ ಬರುತ್ತಾ?" ಎಂದಳು ಅತ್ತಿಗೆ, ದಾರ ಹಲ್ಲಿನಿಂದ ಕಡಿಯುತ್ತಾ. "ಆದರೂ ಬಾ. ನೀನು ಬಂದ ದಿನ ಎರಡು ತುತ್ತು ಜಾಸ್ತಿ ತಿಂತಾರೆ."

ನಾಲ್ಕನೆಯ ದಿನ ಅವನಿಗೆ ಒಂದು ಉಪಾಯ ಹೊಳೆಯಿತು. ಪಿಸುಮಾತಣ್ಣ ಹಸಿವನ್ನು ತಡೆದಾನು, ಅವಮಾನವನ್ನು ತಡೆದಾನು, ಪದ್ಯದಲ್ಲಿ ತಪ್ಪು ಪದವನ್ನು ತಡೆಯಲಾರ. ರಾಜಪಾರ್ಟು ಎದ್ದು ನಿಂತು, ಟವೆಲನ್ನು ಹೆಗಲಿಗೆ ಹಾಕಿಕೊಂಡು, ಮುಖ ಗಂಭೀರ ಮಾಡಿ ಶುರುಮಾಡಿದ:

"ಮುಕುಟವಿತ್ತವರುಂಟು, ಮುಕುಟ ಮಾರಿದರುಂಟು..."

ಉಗುರಿನ ಸದ್ದು ನಿಂತಿತು. ಬಲಗೈ ಕುರ್ಚಿಯಿಂದ ಮೇಲೆದ್ದಿತು, ಹಳೆಯ ದಿನಗಳಲ್ಲಿ ಏಳುತ್ತಿದ್ದಂತೆಯೇ. ಬಾಯಿ ತೆರೆಯಿತು. ಬಂತು, ಬಂತು ಎಂದುಕೊಂಡ ರಾಜಪಾರ್ಟು. ಬಾಯಿ ತೆರೆದೇ ಇತ್ತು. ಮುಖದಲ್ಲಿ ಸಿಟ್ಟಿನಂಥದ್ದೇ ಏನೋ ಇತ್ತು. ಆದರೆ ಅವನಿಗೆ ಮುಖ ನೋಡಬಾರದೆಂದು ಯಾರೋ ಕಲಿಸಿದ್ದರು. ಕಣ್ಣು ಕೆಳಗಿಳಿಸಿದ.

ಅಂಗಿಯ ಗುಂಡಿಗಳ ಹಿಂದೆ ಹೊಟ್ಟೆ ಅಲ್ಲಾಡುತ್ತಿರಲಿಲ್ಲ.

ಟವೆಲು ಹೆಗಲಿಂದ ಜಾರಿತು. "ಅತ್ತಿಗೆ!" ಎಂದು ಕೂಗಿದ. "ಅತ್ತಿಗೆ, ಬನ್ನಿ ಇಲ್ಲಿ! ಇದು ಬಿಡುವಲ್ಲ. ಸಿಟ್ಟೂ ಅಲ್ಲ. ಅಣ್ಣನಿಗೆ ಮಾತು ಸಿಗ್ತಾ ಇಲ್ಲ!"

"ಡಾಕ್ಟರ್ ಹೇಳಿದ್ದು..."

"ಡಾಕ್ಟರು ಇವನ ಪಕ್ಕ ಮೂವತ್ತೈದು ವರ್ಷ ನಿಂತಿದ್ರಾ?"

ಆಸ್ಪತ್ರೆಯಿಂದ ಮಾತಿನ ತರಬೇತಿ ಕೊಡುವ ಹೆಣ್ಣುಮಗಳೊಬ್ಬಳು ಎರಡು ದಿನ ಬಿಟ್ಟು ಬಂದಳು. ಮೂವತ್ತು ದಾಟಿರದ ವಯಸ್ಸು, ಭುಜಕ್ಕೆ ದೊಡ್ಡ ಚೀಲ, ಚೀಲದಲ್ಲಿ ಚಿತ್ರಗಳ ಕಟ್ಟು. ಅತ್ತಿಗೆ ಅವಳಿಗೆ ಮಾತಿನ ಮೇಡಂ ಎಂದು ಹೆಸರಿಟ್ಟಳು. ಮೇಡಂ ಬೀಗದಕೈಯ ಚಿತ್ರ ತೋರಿಸಿದಳು, ಲೋಟ ತೋರಿಸಿದಳು, ಬಾಗಿಲು ಮುಟ್ಟಿ ಎಂದಳು, ಬರೆಯಿಸಿದಳು, ಎಣಿಸಲು ಹೇಳಿದಳು. ಎರಡು ಗಂಟೆಯಾದ ಮೇಲೆ ಪೆನ್ನು ಕೆಳಗಿಟ್ಟಳು.

"ಇವರು ಚಿಕ್ಕವರಿದ್ದಾಗ ಎಡಚರಾ? ಯಾರಾದ್ರೂ ಹೊಡೆದು ಬಲಗೈಗೆ ತಂದ್ರಾ?"

"ಇಲ್ಲಮ್ಮ. ಹುಟ್ಟಾ ಬಲಗೈ," ಎಂದಳು ಅತ್ತಿಗೆ.

"ಮನೆಯಲ್ಲಿ ಬೇರೆ ಯಾರಾದ್ರೂ?"

"ಯಾರೂ ಇಲ್ಲ. ಏನಾಗಿದೆ ಹೇಳಿ."

"ಡಾಕ್ಟರ್ ಹೇಳಿದ್ದು ತೊಂಬತ್ತೊಂಬತ್ತು ಜನಕ್ಕೆ ಸರಿ," ಎಂದಳು ಮೇಡಂ. "ಬಲಗೈ ಬಳಸೋರಿಗೆ ಮಾತು ಇರೋದು ಮೆದುಳಿನ ಎಡಭಾಗದಲ್ಲಿ. ಆದರೆ ನೂರಕ್ಕೆ ಒಬ್ಬರೋ ಇಬ್ಬರೋ ಉಲ್ಟಾ ಇರ್ತಾರೆ. ಕೈ ಬಲಗೈಯೇ, ಮಾತಿನ ಮನೆ ಮಾತ್ರ ಬಲಗಡೆ. ಯಾಕೆ ಹಾಗೆ ಅಂತ ಸರಿಯಾಗಿ ಯಾರಿಗೂ ಗೊತ್ತಿಲ್ಲ. ಪೆಟ್ಟು ಬಿದ್ದಿರೋದು ಆ ಮನೆ ಮೇಲೇ. ಹೇಳಬೇಕಾದ್ದು ಅವರೊಳಗೆ ಇದೆ, ನಾವು ಹೇಳೋದೂ ಹೆಚ್ಚುಕಮ್ಮಿ ಅರ್ಥ ಆಗುತ್ತೆ. ಪದ ಕೈಗೆ ಸಿಗ್ತಾ ಇಲ್ಲ. ಬರೆಯೋಕೂ ಅದೇ ಪದ ಬೇಕಲ್ಲ, ಅದಕ್ಕೇ ಸ್ಲೇಟೂ ಆಗಲಿಲ್ಲ."

ಅತ್ತಿಗೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂದು ತಿಂಗಳು ಅವಳು ಗಂಡನನ್ನು ಹಟಮಾರಿ, ಕಲ್ಲು, ಮೂದೇವಿ ಎಂದೆಲ್ಲ ಬೈದಿದ್ದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು ಕೂತಿದ್ದ.

"ಎಲ್ಲ ಪ್ರಾಂಪ್ಟರ್‌ಗಳೂ ಎಡಗಡೆ ವಿಂಗಲ್ಲಿ ಕೂತ್ರೆ ಇವನೊಬ್ಬ ಬಲಗಡೆ ಕೂತಿದ್ದ ಮೇಡಂ," ಎಂದ ರಾಜಪಾರ್ಟು. ನಗಿಸಲೆಂದು ಆಡಿದ್ದು, ಮುಗಿಯುವಷ್ಟರಲ್ಲಿ ದನಿ ಒದ್ದೆಯಾಯಿತು. ದೇವರು ಯಾರ ತಲೆಯೊಳಗೆ ಯಾವ ಕೋಣೆಯಲ್ಲಿ ಏನಿಟ್ಟಿದ್ದಾನೋ, ದೀಪ ಆರಿದ ಮೇಲೆಯೇ ನಮಗೆ ತಿಳಿಯುವುದು.

ಮಾತು ಹೋದ ಎಷ್ಟೋ ಜನ ಹಾಡಬಲ್ಲರು ಎಂದು ಮೇಡಂ ಹೇಳಿದ್ದಕ್ಕೆ, ಹಾರ್ಮೋನಿಯಂ ಮಾಸ್ತರ್ ಪೆಟ್ಟಿಗೆ ಹೊತ್ತುಕೊಂಡು ಮೂರು ಮಹಡಿ ಹತ್ತಿ ಬಂದರು. ಕಂಪನಿಯ ಪ್ರಾರ್ಥನಾಪದ್ಯ ನುಡಿಸಿದರು. ಪಿಸುಮಾತಣ್ಣನ ಕಣ್ಣಲ್ಲಿ ನೀರು ಬಂತು, ರಾಗ ಬರಲಿಲ್ಲ. ಅವನಲ್ಲಿ ಮಾತೂ ಹಾಡೂ ಒಂದೇ ಕೋಣೆಯಲ್ಲಿದ್ದವೋ ಏನೋ. ಮಾಸ್ತರ್ ಪೆಟ್ಟಿಗೆ ಮುಚ್ಚಿ, "ನಾನೇ ಎಲ್ಲರ ಬಾಯಿ ಕಟ್ಟಿಸಿದೆನಲ್ಲಯ್ಯಾ," ಎಂದು ಹಣೆ ಒರೆಸಿಕೊಂಡರು.

ಮೇಡಂ ಕಲಿಸಿದ ಇನ್ನೊಂದು ವಿದ್ಯೆ ಫಲ ಕೊಟ್ಟಿತು. ಚಿತ್ರ ತೋರಿಸಿ, ಕಾದು, ಸಿಗದಿದ್ದಾಗ ಪದದ ಮೊದಲ ಸದ್ದನ್ನಷ್ಟೇ ಕೊಡುವುದು.

"ನೀ..." ಎಂದಳು ಮೇಡಂ.

"ನೀ... ನೀರು," ಎಂದ ಪಿಸುಮಾತಣ್ಣ. ತುಕ್ಕು ಹಿಡಿದ ಕೀಲು ತಿರುಗಿದಂಥ ದನಿ.

ದಿನಾ ಕೂತು ಮಾಡಿಸಬೇಕು ಎಂದಳು ಮೇಡಂ. ಮಗಳು ಶಾಲೆಯ ಟೀಚರು, ಅವಳಿಗೆ ಸಂಜೆಯವರೆಗೆ ಪುರುಸೊತ್ತಿಲ್ಲ. ಅತ್ತಿಗೆಗೆ ಅಳು ಬರುತ್ತದೆ. ರಾಜಪಾರ್ಟು ತಾನೇ ಒಪ್ಪಿಕೊಂಡ. ಒಪ್ಪಿಕೊಂಡಷ್ಟು ಸುಲಭವಿರಲಿಲ್ಲ. ಜೀವಮಾನವಿಡೀ ಕೈಚಾಚಿ ಪಡೆದವನಿಗೆ ಕೊಡುವ ಅಳತೆ ತಿಳಿಯದು. ಬೀಗದ ಚಿತ್ರ ಹಿಡಿದು, ಒಂದು ಕ್ಷಣ ಕಾದು, ಅಣ್ಣನ ತುಟಿ ನಡುಗಿದ್ದೇ ತಡ "ಬೀಗ!" ಎಂದು ಗುಡುಗಿಬಿಡುತ್ತಿದ್ದ.

"ಲೋ ಮಹಾರಾಯ, ನೀನು ಕಲೀತಿದೀಯೋ ಅವರು ಕಲೀತಿದಾರೋ?" ಎಂದಳು ಅತ್ತಿಗೆ.

"ತಡೆಯಕ್ಕಾಗಲ್ಲ ಅತ್ತಿಗೆ, ಕರುಳು ಕಿತ್ಕೊಂಡು ಬರುತ್ತೆ."

"ನೀನು ಹಾಗೆ ನಿಂತಾಗಲೆಲ್ಲ ಅವರಿಗೂ ಬರ್ತಿತ್ತು ಕರುಳು. ತಡ್ಕೊಂಡಿರಲಿಲ್ವಾ?"

ಅಂದಿನಿಂದ ಅವನು ತಡೆದ. ಹೊಟ್ಟೆ ನೋಡಿ ಕಾಯುವುದನ್ನು, ಉಸಿರಿನಷ್ಟೇ ದನಿಯಲ್ಲಿ ಅಕ್ಷರ ಬಿಡುವುದನ್ನು ಕಲಿತ. ಆರು ವಾರಗಳಲ್ಲಿ ನೀರು, ಬೀಗ, ಕಿಟಕಿ, ಮಗಳು, ಸಾಕು ಎಂದು ಇಪ್ಪತ್ತು ಮೂವತ್ತು ಪದಗಳು ಬಂದವು. ಕೊಟ್ಟರೆ ಬರುತ್ತಿದ್ದವು, ತಾನಾಗಿ ಒಂದೂ ಬರಲಿಲ್ಲ. ಯಾವ ಅಕ್ಷರ ಕೊಟ್ಟರೂ ಅಣ್ಣನ ಬಾಯಿ ಅದನ್ನು ಹತ್ತಿ ಕೊನೆಯವರೆಗೆ ಹೋಗುತ್ತಿತ್ತು, ಅವನಿಗೆ ಅದು ಬೇಕಿದ್ದರೂ ಬೇಡದಿದ್ದರೂ. ಕಿಟಕಿ ಬೇಕಿದ್ದಾಗ 'ನೀ' ಎಂದರೆ 'ನೀರು' ಎಂದು, ಆಮೇಲೆ ತಲೆಯಲ್ಲಾಡಿಸುತ್ತಿದ್ದ.

ಒಂದು ಭಾನುವಾರ ಮಧ್ಯಾಹ್ನ. ಮಗಳು ನೆಲದ ಮೇಲೆ ಕೂತು ಮಕ್ಕಳ ಪುಸ್ತಕ ತಿದ್ದುತ್ತಿದ್ದಳು. ಅತ್ತಿಗೆ ಪರದೆಯೊಂದಕ್ಕೆ ಅಂಚು ಹೊಲಿಯುತ್ತಿದ್ದಳು. ಹಾರ್ಮೋನಿಯಂ ಮಾಸ್ತರ್ ಟೀಗೆ ಬಂದಿದ್ದರು. ಇಷ್ಟು ಜನ ಮತ್ತೆ ಒಟ್ಟಿಗೆ ಸಿಗುವುದು ಎಂದೋ. ರಾಜಪಾರ್ಟು ಚಿತ್ರಗಳ ಕಟ್ಟನ್ನು ಮಡಚಿ ಪಕ್ಕಕ್ಕಿಟ್ಟ.

"ಅಣ್ಣಾ," ಎಂದ, "ಎಲ್ಲರೂ ಕೇಳಿಸಿಕೊಳ್ಳಲಿ. ಕೊನೇ ಆಟದ ದಿನ ನಾನು ಬಿಡುವಲ್ಲಿರಲಿಲ್ಲ. ಮರೆತಿದ್ದೆ. ತಲೆ ಖಾಲಿಯಾಗಿತ್ತು. ನೀನು 'ಕೈ' ಅನ್ನದಿದ್ರೆ ಆ ಪದ್ಯ ಇವತ್ತಿಗೂ ಮುಗೀತಿರಲಿಲ್ಲ. ನಾಚಿಕೆಗೆ ನಿನ್ನ ಮೇಲೆ ಹಾಕಿದೆ. ನಿನಗೆ ಗೊತ್ತಿತ್ತು. ನೀನು ಅವತ್ತೇ ಹೇಳಿಬಿಟ್ಟಿದ್ರೆ ನನ್ನ ಮಾನ ಹೋಗ್ತಿತ್ತು. ಹೇಳಲಿಲ್ಲ."

ಹೊಲಿಗೆ ಯಂತ್ರ ನಿಂತಿತ್ತು. ಮಾಸ್ತರ್ ಲೋಟವನ್ನು ತುಟಿಯ ಬಳಿಯೇ ಹಿಡಿದಿದ್ದರು.

ಪಿಸುಮಾತಣ್ಣ ಅವನನ್ನೇ ನೋಡುತ್ತಿದ್ದ. ತುಟಿ ಅಲುಗಿತು. ಬಾಯಿ ತೆರೆಯಿತು. ಹೊಟ್ಟೆ ನಿಂತಿತು.

ಏನೋ ಹೇಳಬೇಕೆಂದಿದ್ದಾನೆ. ರಾಜಪಾರ್ಟುವಿನ ನಾಲಗೆಯ ತುದಿಗೆ ಒಂದು ಅಕ್ಷರ ಬಂದು ಕೂತಿತು. 'ಕ್ಷ' ಎಂದರೆ ಸಾಕು. ಆ ಬಾಯಿ ಅದನ್ನು ಹತ್ತಿ 'ಕ್ಷಮಿಸಿದೆ'ಯವರೆಗೆ ಹೋಗುತ್ತದೆ. ಎಲ್ಲರೂ ಕೇಳುತ್ತಾರೆ. ಹನ್ನೊಂದು ವರ್ಷ ಕಾದ ಮಾತು, ನಲ್ಲಿ ತಿರುಗಿಸಿದಷ್ಟು ಸಲೀಸು. ಆದರೆ ಅದು ಯಾರ ಮಾತಾಗುತ್ತದೆ? ನಾಟಕವಾದರೆ ಪುಸ್ತಕವಿತ್ತು, ಮುಂದಿನ ಸಾಲು ಬರೆದಿಟ್ಟಿತ್ತು. ಈ ಮನುಷ್ಯನ ಎದೆಯಲ್ಲಿ ಮುಂದಿನ ಸಾಲು ಏನಿದೆಯೋ. 'ತೊಲಗು' ಎಂದೇ ಇದ್ದರೆ?

ಅವನು ಹಲ್ಲು ಕಚ್ಚಿದ. ಅಕ್ಷರವನ್ನು ನುಂಗಿಕೊಂಡ.

ಹೊತ್ತು ಹೋಯಿತು. ಮಗಳು "ಚಿಕ್ಕಪ್ಪಾ, ಸ್ವಲ್ಪ ಹೇಳಿಕೊಡಿ," ಎಂದಳು. ಅವನು ತಲೆಯಲ್ಲಾಡಿಸಿದ. ಅಣ್ಣನ ಹಣೆಯ ಮೇಲೆ ಬೆವರು ಸಾಲುಗಟ್ಟಿತು. ಬಾಯಿ ಮುಚ್ಚಿತು, ತೆರೆಯಿತು, ಮುಚ್ಚಿತು. ಕೊನೆಗೆ ಬಲಗೈ ಕುರ್ಚಿಯ ತೋಳಿನ ಮೇಲೆ ಸೋತು ಬಿತ್ತು.

"ಇರಲಿ ಅಣ್ಣಾ. ನಾನು ಉತ್ತರ ಕೇಳೋಕೆ ಹೇಳಿದ್ದಲ್ಲ, ಹೇಳೋಕೇ ಹೇಳಿದ್ದು," ಎಂದ ರಾಜಪಾರ್ಟು. ಎದ್ದ. ಕಾಲು ಜೋಮು ಹಿಡಿದಿತ್ತು. ಖಾಲಿ ಚೀಲ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ, ಬಾಗಿಲವರೆಗೆ ಹೋಗಿ ಚಪ್ಪಲಿಗೆ ಕಾಲು ಹುಡುಕಿದ.

"ಕೂ..."

ಅವನು ತಿರುಗಲಿಲ್ಲ. ತಿರುಗಿದರೆ ಬೆದರಿ ಹಾರಿಹೋಗುವ ಹಕ್ಕಿಯಂತಿತ್ತು ಆ ಸದ್ದು. ಯಾರೂ ಕೊಟ್ಟದ್ದಲ್ಲ.

"ಕೂ... ಕೂತ್... ಕೂತ್ಕೋ."

ಮಾಸ್ತರರ ಲೋಟ ತಟ್ಟೆಗೆ ತಗುಲಿತು. ಮಗಳು ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಅಳುತ್ತಿದ್ದಳು. ಅತ್ತಿಗೆಗೆ ಮೊದಲು ಬಂದದ್ದು ಸಿಟ್ಟು.

"ನೋಡ್ರಿ ನ್ಯಾಯ!" ಎಂದಳು. "ನಲವತ್ತೆರಡು ವರ್ಷ ಬೇಯಿಸಿ ಹಾಕಿದ ನನಗೆ ನೀರು, ಸಾಕು. ಜಗಳಗಂಟನಿಗೆ ಕೂತ್ಕೋ ಅಂತೆ, ಕೂತ್ಕೋ!" ಮಾತು ಮುಗಿಸಲಾಗದೆ ಪರದೆಯ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ರಾಜಪಾರ್ಟು ಚಪ್ಪಲಿ ಬಿಟ್ಟ. ಬಂದು, ಅಣ್ಣನ ಪಕ್ಕದ ಮಣೆಯ ಮೇಲೆ ಕೂತ. ಎದುರಿನ ಮಹಡಿಯಲ್ಲಿ ಯಾರೋ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆಯುತ್ತಿದ್ದರು. ಇಬ್ಬರೂ ಅದನ್ನೇ ನೋಡುತ್ತಾ ಕೂತರು. ಅತ್ತಿಗೆ ಇನ್ನೊಂದು ಸಲ ಟೀಗಿಡಲು ಎದ್ದಳು.